ಮಾನಿಟರ್ ಕಣ್ಣು ಹೊಡೆದರೆ ಹೊಸದು ತರುವ ಮುಂಚೆ

ಮದುವೆ ಸೀಜನ್ ಬಂದರೆ ದಾವಣಗೆರೆಯ ಪ್ರಿಂಟಿಂಗ್ ಅಂಗಡಿಗಳಲ್ಲಿ ಕೂತು ಮಾತಾಡುವ ಹಾಗಿಲ್ಲ. ಅಂಥದ್ದೇ ಒಂದು ಬೆಳಿಗ್ಗೆ ಮಂಡಿಪೇಟೆಯ ಒಂದು ಅಂಗಡಿಯಿಂದ, ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಫೋನ್ ಬಂತು. "ತಮ್ಮಾ, ಮಾನಿಟರ್ ಕಣ್ಣು ಹೊಡೀತೈತಿ. ಸಂಜಿಗೆ 300 ಕಾರ್ಡ್ ಕೊಡಬೇಕು. ಜಲ್ದಿ ಬಾರಪ್ಪ."

ಹೋಗಿ ನೋಡಿದರೆ ಅಲ್ಲಿ ಎರಡು ಮಾನಿಟರ್. ಒಂದು ಮೇಜಿನ ಮೇಲೆ ಮಿಣಕ್ ಮಿಣಕ್ ಅನ್ನುತ್ತಿತ್ತು. ಇನ್ನೊಂದು ಡಬ್ಬದಲ್ಲೇ ಇತ್ತು, ಟೇಪ್ ಕೂಡ ಬಿಚ್ಚಿರಲಿಲ್ಲ. ಹಿಂದಿನ ಸಂಜೆ ಯಾರೋ ಫೋನಿನಲ್ಲೇ "ಮಾನಿಟರ್ ಹೋಗಿದೆ, ಹೊಸದು ತಗೊಳ್ರಿ" ಅಂದಿದ್ದರಂತೆ. ಕಣ್ಣಲ್ಲಿ ನೋಡದೆ ಹೇಳಿದ ಒಂದು ಮಾತಿಗೆ 7,500 ರೂಪಾಯಿ.

ಹಳೇ ಮಾನಿಟರ್‌ಗೆ ಏನೂ ಆಗಿರಲಿಲ್ಲ. ಅದು ಗೊತ್ತಾಗಲು ಅರ್ಧ ನಿಮಿಷ ಸಾಕಾಯಿತು.

ಪರದೆಯ ಮೇಲೆ ಒಂದು ಚಿತ್ರ ಬರಬೇಕಾದರೆ ಐದು ಕೈ ದಾಟಿ ಬರಬೇಕು. ಪ್ರೋಗ್ರಾಂ ಏನು ಬೇಕು ಅಂತ ಹೇಳುತ್ತದೆ. ಡ್ರೈವರ್ ಅನ್ನುವ ಸಾಫ್ಟ್‌ವೇರ್ ಅದನ್ನು ಕಂಪ್ಯೂಟರ್ ಒಳಗಿನ ಗ್ರಾಫಿಕ್ಸ್ ಕಾರ್ಡಿಗೆ ತಿಳಿಯುವ ಹಾಗೆ ಹೇಳುತ್ತದೆ. ಕಾರ್ಡ್ ಚಿತ್ರ ಬರೆಯುತ್ತದೆ. ಕೇಬಲ್ ಹೊತ್ತು ತರುತ್ತದೆ. ಮಾನಿಟರ್ ತೋರಿಸುತ್ತದೆ. ಬಾವಿಕಟ್ಟೆಯಿಂದ ಕೈಯಿಂದ ಕೈಗೆ ಕೊಡ ದಾಟಿಸುವ ಹಾಗೆ. ನೀರು ತುಳುಕಿದ್ದು ಯಾರ ಕೈಯಲ್ಲಿ ಅಂತ ನೋಡದೆ ಕೊನೆಯಲ್ಲಿ ನಿಂತವನನ್ನು ಬೈದರೆ ಹೇಗೆ?

ಮೊದಲು ಮಾನಿಟರ್‌ನ ಮೆನು

ಮಾನಿಟರ್‌ನ ಕೆಳಗೋ ಹಿಂದೋ ಬೆಳಕು ಹೆಚ್ಚು ಕಡಿಮೆ ಮಾಡುವ ಬಟನ್ ಇರುತ್ತದಲ್ವಾ, ಅದನ್ನು ಒತ್ತಿ. ಒಂದು ಮೆನು ಬರುತ್ತದೆ. ಅದು ಕಂಪ್ಯೂಟರಿನಿಂದ ಬಂದದ್ದಲ್ಲ, ಮಾನಿಟರ್ ತಾನೇ ಬರೆದುಕೊಂಡದ್ದು. ಹಿಂದಿನ ಚಿತ್ರ ಕುಣಿಯುತ್ತಿದ್ದರೂ ಮೆನು ಅಲುಗಾಡದೆ ನಿಂತಿದ್ದರೆ ಮಾನಿಟರ್ ಬಹುಮಟ್ಟಿಗೆ ಚೆನ್ನಾಗಿದೆ. ಮೆನುವೂ ಸೇರಿ ಇಡೀ ಪರದೆಯ ಬೆಳಕೇ ಏರಿಳಿದರೆ ಅದು ಪರದೆಯ ಹಿಂದೆ ಉರಿಯುವ ದೀಪ, ಅಂದರೆ ಬ್ಯಾಕ್‌ಲೈಟ್ ಅಥವಾ ಅದರ ಪವರ್ ಸಪ್ಲೈ ಕಥೆ. ಆಗ ಡ್ರೈವರ್ ಬದಲಾಯಿಸಿ ಪ್ರಯೋಜನವಿಲ್ಲ.

ಚಿತ್ರ ಒಂದೆರಡು ಸೆಕೆಂಡ್ ಪೂರ್ತಿ ಕಪ್ಪಾಗಿ ವಾಪಸ್ ಬರುತ್ತಿದ್ದರೆ ಮೆನುವೂ ಜೊತೆಯಲ್ಲೇ ಮಾಯವಾಗಬಹುದು. ಅಂಥ ಕಡೆ ಕೇಬಲ್ಲನ್ನೇ ಕಿತ್ತು ನೋಡಿ. ಸಿಗ್ನಲ್ ಇಲ್ಲ ಅಂತ ಮಾನಿಟರ್ ತನ್ನದೇ ಒಂದು ಬರಹ ತೋರಿಸುತ್ತದೆ. ಆ ಬರಹ ಮಿನುಗದಿದ್ದರೆ ಮಾನಿಟರ್ ಬಿಟ್ಟು ಹಿಂದಕ್ಕೆ, ಕೇಬಲ್, ಕಾರ್ಡ್ ಕಡೆ ಹುಡುಕಬೇಕು.

ಇಲ್ಲೇ ಒಂದು ಮಾತು. ಮೊಬೈಲಿನಲ್ಲಿ ವಿಡಿಯೋ ತೆಗೆದು ಕಳಿಸಿ "ನೋಡ್ರಿ ಹೆಂಗೆ ಗೆರೆ ಓಡ್ತಾವೆ" ಅನ್ನುವವರು ಬಹಳ. ಕ್ಯಾಮೆರಾದ ವೇಗಕ್ಕೂ ಪರದೆಯ ವೇಗಕ್ಕೂ ತಾಳ ಕೂಡದಿದ್ದರೆ ಸರಿ ಇರುವ ಮಾನಿಟರ್‌ನಲ್ಲೂ ಗೆರೆ ಓಡುತ್ತವೆ. ಬರೀ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿ.

ಕೇಬಲ್ ವಿಷಯ ಬೇಗ ಮುಗಿಸೋಣ. ಎರಡೂ ತುದಿ ಕಿತ್ತು ಮತ್ತೆ ಸಿಕ್ಕಿಸಿ. ವಿಜಿಎ ಆದರೆ ಎರಡು ಸ್ಕ್ರೂ ಇರುವುದು ಅಲಂಕಾರಕ್ಕಲ್ಲ, ತಿರುಗಿಸಿ ಬಿಗಿ ಮಾಡಿ. ಬೇರೆ ಕೇಬಲ್ ಇದ್ದರೆ ಹಾಕಿ ನೋಡಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಮಿನುಗುತ್ತದೆಯೇ ಅಂತಲೂ ಗಮನಿಸಿ. ಹಾಗಿದ್ದರೆ ಮೊದಲ ಅನುಮಾನ ಯುಪಿಎಸ್ ಮೇಲೆ.

ಟಾಸ್ಕ್ ಮ್ಯಾನೇಜರ್ ಹೇಳುವ ಸಾಕ್ಷಿ

ಮಂಡಿಪೇಟೆಯ ಮಾನಿಟರ್‌ನಲ್ಲಿ ಮೆನು ಕಲ್ಲಿನ ಹಾಗೆ ನಿಂತಿತ್ತು. ಹಿಂದೆ ಮದುವೆ ಕಾರ್ಡಿನ ಗಣಪತಿ ಮಾತ್ರ ಬಂದು ಹೋಗಿ ಮಾಡುತ್ತಿದ್ದ. ಕೇಬಲ್ ಬದಲಾಯಿಸಿದರೂ ಅಷ್ಟೇ. ಉಳಿದದ್ದು ಪ್ರೋಗ್ರಾಂ, ಡ್ರೈವರ್, ಕಾರ್ಡ್.

ಇಲ್ಲಿ ಮೈಕ್ರೋಸಾಫ್ಟ್ ಹೇಳಿಕೊಡುವ ಒಂದು ಸುಲಭದ ಉಪಾಯವಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಈಗ ಕೈ ಕಟ್ಟಿಕೊಂಡು ಸುಮ್ನೆ ನೋಡಿ. ಉಳಿದೆಲ್ಲ ಮಿನುಗುತ್ತಿದ್ದು ಟಾಸ್ಕ್ ಮ್ಯಾನೇಜರ್ ಮಾತ್ರ ತೆಪ್ಪಗಿದ್ದರೆ ಯಾವುದೋ ಪ್ರೋಗ್ರಾಂ ತಕರಾರು ಮಾಡುತ್ತಿದೆ. ಟಾಸ್ಕ್ ಮ್ಯಾನೇಜರ್ ಕೂಡ ಎಲ್ಲದರ ಜೊತೆ ಮಿನುಗಿದರೆ ಅನುಮಾನ ಡ್ರೈವರ್ ಮೇಲೆ.

ಪ್ರೋಗ್ರಾಂ ಅಂತ ಗೊತ್ತಾದರೆ ಇತ್ತೀಚೆಗೆ ಹಾಕಿದ್ದನ್ನು ಮೊದಲು ತೆಗೆಯಿರಿ. ತಾನಾಗಿ ವಾಲ್‌ಪೇಪರ್ ಬದಲಿಸುವಂಥವು, ಡೆಸ್ಕ್‌ಟಾಪ್ ಮೇಲೆ ಗಡಿಯಾರ ಕೂರಿಸುವಂಥವು ಇದ್ದರೆ ಅವುಗಳಿಂದಲೇ ಶುರು ಮಾಡಿ. ಬ್ರೌಸರ್ ಒಂದರಲ್ಲಿ ಮಾತ್ರ ಮಿನುಗಿದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಅಂತ ಇರುತ್ತದೆ, ಅದನ್ನು ಆಫ್ ಮಾಡಿ ಬ್ರೌಸರ್ ಮುಚ್ಚಿ ತೆರೆಯಿರಿ. ಅಲ್ಲಿಗೇ ನಿಂತರೆ ಮುಂದೆ ಓದುವ ಅಗತ್ಯವಿಲ್ಲ.

ಮಂಡಿಪೇಟೆಯಲ್ಲಿ ಟಾಸ್ಕ್ ಮ್ಯಾನೇಜರ್ ಕೂಡ ಕುಣಿಯಿತು. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಒತ್ತಿ ಹಿಡಿದು ಬಿ ಒತ್ತಿದೆ. ಹೀಗೆ ಒತ್ತಿದರೆ ವಿಂಡೋಸ್ ಗ್ರಾಫಿಕ್ಸ್ ಡ್ರೈವರ್ ಅನ್ನು ಅಲ್ಲೇ ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಬೀಪ್ ಅನ್ನುತ್ತದೆ. ತೆರೆದಿಟ್ಟ ಕೆಲಸ ಸಾಮಾನ್ಯವಾಗಿ ಹಾಗೇ ಇರುತ್ತದೆ. ಆದರೂ ಸೇವ್ ಮಾಡಿಯೇ ಒತ್ತಿ. ಎರಡು ನಿಮಿಷ ಪರದೆ ಗಟ್ಟಿಯಾಗಿ ನಿಂತಿತು. ಆಮೇಲೆ ಮತ್ತೆ ಶುರು. "ಹೋತಲ್ಲೋ!" ಅಂದರು ಅಂಗಡಿಯ ಅಣ್ಣ. ನನಗೆ ಮಾತ್ರ ಸಮಾಧಾನವಾಯಿತು. ಡ್ರೈವರ್ ಎಬ್ಬಿಸಿದರೆ ಸರಿಹೋಗಿ ಮತ್ತೆ ಕೆಡುತ್ತದೆ ಅಂದರೆ ಕಳ್ಳ ಆ ಮನೆಯ ಆಸುಪಾಸಿನಲ್ಲೇ ಇದ್ದಾನೆ.

ಯಾವಾಗಿಂದ ಅಂತ ಕಂಪ್ಯೂಟರನ್ನೇ ಕೇಳಿ

"ಇದಕ್ಕೆ ಮುಂಚೆ ಏನಾದ್ರೂ ಹಾಕಿದ್ರಾ?" ಅಂತ ಕೇಳಿದರೆ ಬರುವ ಉತ್ತರ ಒಂದೇ: "ಏನೂ ಮಾಡಿಲ್ಲಪ್ಪ, ತಾನಾಗೇ ಆತು." ಅವರು ಸುಳ್ಳು ಹೇಳುವುದಿಲ್ಲ. ಅಪ್‌ಡೇಟ್ ತಾನಾಗೇ ಬಂದು ಕೂರುತ್ತದೆ. ವಿಂಡೋಸ್ ಅಪ್‌ಡೇಟ್ ಜೊತೆ ಗ್ರಾಫಿಕ್ಸ್ ಡ್ರೈವರ್ ಕೂಡ ಬರುವುದುಂಟು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅದಕ್ಕೆ ನಾನು ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಟೈಪ್ ಮಾಡಿ ರಿಲಯಬಿಲಿಟಿ ಹಿಸ್ಟರಿ ತೆಗೆಯುತ್ತೇನೆ. ಪಂಚಾಂಗದ ಹಾಗೆ ದಿನದಿನದ ಲೆಕ್ಕ ಇರುತ್ತದೆ. ಯಾವ ದಿನ ಏನು ಸೇರಿತು, ಯಾವ ದಿನ ಏನು ಕೆಟ್ಟಿತು ಅಂತ ಒಂದೇ ಕಡೆ ಕಾಣುತ್ತದೆ. ನನ್ನ ಮಟ್ಟಿಗೆ ವಿಂಡೋಸ್‌ನಲ್ಲಿ ಇಷ್ಟು ಉಪಯೋಗದ, ಇಷ್ಟು ಕಡಿಮೆ ಜನ ತೆರೆದು ನೋಡಿದ ಜಾಗ ಇನ್ನೊಂದಿಲ್ಲ.

ಅಲ್ಲಿ ಹಿಂದಿನ ದಿನದ ಲೆಕ್ಕದಲ್ಲಿ ಡಿಸ್‌ಪ್ಲೇ ಡ್ರೈವರ್ ಹೊಸದಾಗಿ ಕೂತದ್ದು ಕಂಡಿತು. ಇನ್ನು ಇವೆಂಟ್ ವ್ಯೂವರ್, ವಿಂಡೋಸ್ ತನ್ನ ಆಗುಹೋಗು ಬರೆದಿಟ್ಟದ್ದನ್ನು ತೋರಿಸುವ ಜಾಗ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಂ, ಅಲ್ಲಿ 4101 ನಂಬರಿನ ದಾಖಲೆ ಹುಡುಕಿದೆ. ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದು ನಿಲ್ಲಿಸಿತ್ತು, ಮತ್ತೆ ಚೇತರಿಸಿಕೊಂಡಿತು ಅಂತ ಅದರ ಅರ್ಥ. ಸಂಜೆಯಿಂದ ಬೆಳಿಗ್ಗೆಯವರೆಗೆ ಅದು 11 ಸಲ ಇತ್ತು. ಅಪ್‌ಡೇಟ್‌ಗೆ ಮುಂಚೆ ಒಂದೂ ಇರಲಿಲ್ಲ.

ಇದರ ಹಿಂದಿನ ವ್ಯವಸ್ಥೆ ವಿಂಡೋಸ್ ವಿಸ್ತಾ ಕಾಲದ್ದು. ಕಾರ್ಡಿಗೆ ಕೊಟ್ಟ ಕೆಲಸ ಸುಮಾರು 2 ಸೆಕೆಂಡಿನಲ್ಲಿ ಮುಗಿಯದಿದ್ದರೆ, ನಡುವೆ ಬಿಡಿಸಿಕೊಳ್ಳಲೂ ಆಗದಿದ್ದರೆ, ಕಾರ್ಡ್ ಮೂರ್ಛೆ ಹೋಗಿದೆ ಅಂತ ವಿಂಡೋಸ್ ಭಾವಿಸುತ್ತದೆ. ಮುಖಕ್ಕೆ ನೀರು ಚಿಮುಕಿಸಿದ ಹಾಗೆ ಡ್ರೈವರ್ ಅನ್ನು ಮತ್ತೆ ಎಬ್ಬಿಸುತ್ತದೆ. ಮೊದಲಾಗಿದ್ದರೆ ಇಡೀ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕಿತ್ತು. ಈಗ ಪರದೆ ಕಪ್ಪಾಗಿ ಬರುತ್ತದೆ ಅಷ್ಟೇ. ನಾವು ಮಿನುಗು ಅನ್ನುವುದರಲ್ಲಿ ಒಂದು ಪಾಲು ಇದೇ. ಆ 2 ಸೆಕೆಂಡನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಖಾತೆ ಪುಸ್ತಕ) 8 ಮಾಡಿ, 10 ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಮೂರ್ಛೆ ತಪ್ಪುವುದಿಲ್ಲ, ನೀರು ಚಿಮುಕಿಸುವುದು ತಡವಾಗುತ್ತದೆ.

ಸೇಫ್ ಮೋಡ್, ಮತ್ತು ನಾನು ಮೋಸ ಹೋದದ್ದು

ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿ. ಸೇಫ್ ಮೋಡ್‌ನಲ್ಲಿ ಕಾರ್ಡ್ ಕಂಪನಿಯ ಡ್ರೈವರ್ ಪಕ್ಕಕ್ಕೆ ಸರಿಯುತ್ತದೆ, ವಿಂಡೋಸ್‌ನ ಸಾದಾ ಡ್ರೈವರ್ ಕೆಲಸ ಮಾಡುತ್ತದೆ. ಅಕ್ಷರ, ಐಕಾನ್ ದಪ್ಪಗೆ ಕಂಡರೆ ಗಾಬರಿ ಬೇಡ. ಇಲ್ಲಿ ಮಿನುಗು ನಿಂತರೆ ಕಂಪನಿ ಡ್ರೈವರ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಇಲ್ಲೂ ಮಿನುಗಿದರೆ ಹಾರ್ಡ್‌ವೇರ್ ನೋಡಬೇಕು. ಹೋಗುವ ಮುಂಚೆ ಎರಡು ಎಚ್ಚರಿಕೆ: ಸೇಫ್ ಮೋಡ್‌ನಲ್ಲಿ ಪಿನ್ ಕೆಲವೊಮ್ಮೆ ಹಿಡಿಯುವುದಿಲ್ಲ, ಪಾಸ್‌ವರ್ಡ್ ಗೊತ್ತಿರಲಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಆಗಿದ್ದರೆ ಅದರ ರಿಕವರಿ ಕೀ ಕೈಯಲ್ಲಿರಲಿ.

ಆದರೆ "ಸೇಫ್ ಮೋಡ್‌ನಲ್ಲಿ ಸರಿ ಇದೆ, ಹಾಗಾದರೆ ಡ್ರೈವರೇ" ಅಂತ ಬರೆದುಕೊಡಬೇಡಿ. ನಾನು ಒಮ್ಮೆ ಹಾಗೆ ಹೇಳಿ ಕೆಟ್ಟಿದ್ದೇನೆ. ಭರಮಸಾಗರದ ಒಂದು ಫೋಟೋ ಸ್ಟುಡಿಯೋ. ಸೇಫ್ ಮೋಡ್‌ನಲ್ಲಿ ಪರದೆ ಕನ್ನಡಿ ಹಾಗಿತ್ತು. ಡ್ರೈವರ್ ತೆಗೆದೆ, ಹೊಸದು ಹಾಕಿದೆ, ಹಳೆಯದು ಹಾಕಿದೆ, ಮೂರನೆಯದೂ ಹಾಕಿದೆ. ಎರಡು ಸಲ ಬೈಕಿನಲ್ಲಿ ಹೈವೇ ಹಿಡಿದು ಹೋಗಿಬಂದೆ. ಮೂರನೇ ಸಲ ಸಿಪಿಯು ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ ಆಲ್ಬಂ ಕೆಲಸ ಮಾಡಿಸುತ್ತಾ ಕೂತೆ. ಕಾರ್ಡಿನ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಧೂಳು ಕಂಬಳಿ ಹಾಗೆ ಮೆತ್ತಿತ್ತು. ಬೆರಳಿಟ್ಟರೆ ಚುರ್ ಅನ್ನುವಷ್ಟು ಬಿಸಿ. ಸೇಫ್ ಮೋಡ್‌ನಲ್ಲಿ ಕಾರ್ಡಿಗೆ ಕೆಲಸವೇ ಇರುವುದಿಲ್ಲ, ಬಿಸಿ ಏರುವುದಿಲ್ಲ, ಹಾಗಾಗಿ ಮಿನುಗಿರಲಿಲ್ಲ. ಕಂಪನಿ ಡ್ರೈವರ್ ಬಂದು ಕೆಲಸ ಹೇಳಿದ ಮೇಲೆ ತಾನೇ ಬೆವರುವುದು? ಆ ದಿನ ಸ್ಟುಡಿಯೋದವರು ಏನೂ ಅನ್ನಲಿಲ್ಲ, ಚಾ ತರಿಸಿದರು. ಬೈದಿದ್ದರೇ ವಾಸಿ ಇತ್ತು.

ಆವತ್ತಿನಿಂದ ಡ್ರೈವರ್ ಮುಟ್ಟುವ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಜಿಪಿಯು, ಅಂದರೆ ಚಿತ್ರ ಬರೆಯುವ ಚಿಪ್ಪಿನ ಶಾಖ ನೋಡುತ್ತೇನೆ. ಬೇರೆಯಾಗಿ ಹಾಕಿದ ಕಾರ್ಡ್ ಇದ್ದು, ವಿಂಡೋಸ್ ತೀರಾ ಹಳೆಯದಲ್ಲದಿದ್ದರೆ ಅಲ್ಲೇ ಡಿಗ್ರಿ ಕಾಣುತ್ತದೆ. ಏನೂ ಮಾಡದೆ ಕೂತಾಗಲೇ 80 ದಾಟಿದ್ದರೆ ಮೊದಲು ಬ್ರಷ್ ಹಿಡಿಯಿರಿ. ಪರದೆಯಲ್ಲಿ ಬಣ್ಣಬಣ್ಣದ ಚೌಕ, ಚುಕ್ಕಿ ಬೀಳುತ್ತಿದ್ದರೆ, ಅದೂ ಕಂಪ್ಯೂಟರ್ ಆನ್ ಆದ ಕೂಡಲೇ ಬರುವ ಕಂಪನಿ ಲೋಗೋ ಮೇಲೂ ಬಿದ್ದರೆ, ಅದು ಕಾರ್ಡಿನ ಕೊನೆಗಾಲ. ಆ ಹೊತ್ತಿಗೆ ಡ್ರೈವರ್ ಇನ್ನೂ ಹುಟ್ಟೇ ಇರುವುದಿಲ್ಲ.

ಇನ್ನೊಂದು ಒಳ್ಳೆಯ ಪರೀಕ್ಷೆ ಇದೆ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದ್ದರೆ ಕಂಪ್ಯೂಟರ್ ಆಫ್ ಮಾಡಿ, ಪವರ್ ವೈರ್ ಕಿತ್ತು, ಕಾರ್ಡ್ ತೆಗೆದಿಡಿ. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಗೇ ಹಾಕಿ ಅರ್ಧ ದಿನ ಓಡಿಸಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಂತ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಪರದೆ ಕಪ್ಪಾಗೇ ಇರುತ್ತದೆ. ಅದು ಗೊತ್ತಿಲ್ಲದೆ ಮದರ್‌ಬೋರ್ಡೂ ಹೋಯಿತು ಅಂತ ಹೆದರಿದವರಿದ್ದಾರೆ.

ಡ್ರೈವರ್ ಹಿಂದಕ್ಕೆ, ಅಥವಾ ಬುಡಸಮೇತ

ಡ್ರೈವರೇ ಅಂತ ತೀರ್ಮಾನವಾದ ಮೇಲೆ ಜನ ಮಾಡುವ ಮೊದಲ ತಪ್ಪು ಫಾರ್ಮ್ಯಾಟ್ ಹೊಡೆಯುವುದು. ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಕೋರಲ್, ಪೇಜ್‌ಮೇಕರ್, ನುಡಿ, ಹತ್ತಾರು ವರ್ಷದಿಂದ ಕೂಡಿಸಿದ ಫಾಂಟುಗಳು ಇರುತ್ತವೆ. ಹಳೇ ನುಡಿ ಫಾಂಟ್ ಒಂದು ಕಾಣೆಯಾದರೂ ಸಾಕು, ಲಗ್ನಪತ್ರಿಕೆ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಒಂದು ಡ್ರೈವರ್‌ಗೋಸ್ಕರ ಮನೆಯನ್ನೇ ಕೆಡವಬೇಡಿ.

ಎರಡನೇ ತಪ್ಪು, ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಅಪ್‌ಡೇಟ್ ಮಾಡುತ್ತೇವೆ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕುವುದು. ಬೇಡ.

ಮಾಡಬೇಕಾದದ್ದು ಹೀಗೆ. ಮೊದಲು ಒಂದು ರಿಸ್ಟೋರ್ ಪಾಯಿಂಟ್ ಇಟ್ಟುಕೊಳ್ಳಿ, ಎಡವಟ್ಟಾದರೆ ವಿಂಡೋಸನ್ನು ಈಗಿನ ಸ್ಥಿತಿಗೆ ವಾಪಸ್ ತರಲು. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಕಾರ್ಡಿನ ಹೆಸರಿದೆ, ಅದನ್ನು ಕಾಗದದಲ್ಲಿ ಬರೆದುಕೊಳ್ಳಿ. ಪರದೆ ಪೂರ್ತಿ ಕೈಕೊಟ್ಟ ಮೇಲೆ ಹೆಸರು ಹುಡುಕುವುದು ಕಷ್ಟ. ಪ್ರಾಪರ್ಟೀಸ್ ಒಳಗೆ ಡ್ರೈವರ್ ಪುಟ, ಅಲ್ಲಿ ರೋಲ್ ಬ್ಯಾಕ್ ಡ್ರೈವರ್ ಬಟನ್. ಅದು ಒತ್ತಲು ಬಂದರೆ ಒತ್ತಿ, ರೀಸ್ಟಾರ್ಟ್ ಮಾಡಿ, ಮಿನುಗು ನಿಂತಿತಾ ನೋಡಿ. ಎಷ್ಟೋ ಸಲ ಕಥೆ ಅಲ್ಲೇ ಮುಗಿಯುತ್ತದೆ.

ಮಂಡಿಪೇಟೆಯಲ್ಲಿ ಆ ಬಟನ್ ಮಂಕಾಗಿತ್ತು. ಅಂದರೆ ಹಿಂದಿನ ಡ್ರೈವರ್‌ನ ಪ್ರತಿ ಉಳಿದಿಲ್ಲ. ಆಗ ಬುಡಸಮೇತ ಕೀಳಬೇಕು. ಮಾಮೂಲಿ ಅನ್‌ಇನ್‌ಸ್ಟಾಲ್ ಮಾಡಿದರೆ ಹಳೇ ಫೈಲು, ರಿಜಿಸ್ಟ್ರಿ ನಮೂದುಗಳು ಒಂದಿಷ್ಟು ಉಳಿದುಬಿಡುತ್ತವೆ. ಅದಕ್ಕೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನುವ ಪುಕ್ಕಟೆ ಸಾಧನವಿದೆ. ನಾವೆಲ್ಲ ಡಿಡಿಯು ಅಂತೀವಿ. ವ್ಯಾಗ್ನಾರ್ಡ್‌ಸಾಫ್ಟ್ ಅಂತ ಅದನ್ನು ಮಾಡಿದವರು, ಅವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಇಲ್ಲಿ ಕೆಲಸದ ಕ್ರಮ ಮುಖ್ಯ. ಹಾಕಬೇಕಾದ ಡ್ರೈವರ್ ಮೊದಲೇ ಇಳಿಸಿ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಡಿಡಿಯು ಕೂಡ. ಆಮೇಲೆ ಇಂಟರ್ನೆಟ್ ಕೇಬಲ್ ಕಿತ್ತುಬಿಡಿ, ವೈಫೈ ಆದರೆ ಆಫ್ ಮಾಡಿ. ಇದನ್ನು ಮರೆತರೆ ನೀವು ಹಳೇ ಡ್ರೈವರ್ ಕಿತ್ತು ರೀಸ್ಟಾರ್ಟ್ ಮಾಡುವಷ್ಟರಲ್ಲಿ ವಿಂಡೋಸ್ ತನಗೆ ಸರಿಕಂಡ ಡ್ರೈವರ್ ತಂದು ಕೂರಿಸಿರುತ್ತದೆ. ಹಿತ್ತಿಲ ಬಾಗಿಲು ತೆರೆದಿಟ್ಟು ಮುಂಬಾಗಿಲಲ್ಲಿ ಹಂದಿ ಓಡಿಸಿದ ಹಾಗೆ. ಈಗ ಸೇಫ್ ಮೋಡ್‌ಗೆ ಹೋಗಿ ಡಿಡಿಯು ತೆರೆಯಿರಿ. ಜಿಪಿಯು ಅಂತ ಆರಿಸಿ, ಕಂಪನಿ ಆರಿಸಿ, ಕ್ಲೀನ್ ಅಂಡ್ ರೀಸ್ಟಾರ್ಟ್ ಒತ್ತಿ. ಮಾಮೂಲಿ ವಿಂಡೋಸ್ ಬಂದ ಮೇಲೆ ಇಳಿಸಿಟ್ಟ ಡ್ರೈವರ್ ಹಾಕಿ. ಮತ್ತೊಂದು ರೀಸ್ಟಾರ್ಟ್ ಆದ ಮೇಲಷ್ಟೇ ನೆಟ್ ಜೋಡಿಸಿ. ಡಿಡಿಯು ಎಂದರೆ ಅಂಜಿಕೆ ಇದ್ದು, ಕಾರ್ಡ್ ಎನ್‌ವಿಡಿಯಾ ಕಂಪನಿಯದ್ದಾದರೆ, ಎನ್‌ವಿಡಿಯಾ ಇನ್‌ಸ್ಟಾಲರ್‌ನಲ್ಲಿ ಕಸ್ಟಮ್ ಆರಿಸಿದಾಗ ಕ್ಲೀನ್ ಇನ್‌ಸ್ಟಾಲೇಶನ್ ಅಂತ ಒಂದು ಟಿಕ್ ಇರುತ್ತದೆ. ಅದನ್ನೇ ಮೊದಲು ಪ್ರಯತ್ನಿಸಬಹುದು.

ಯಾವ ಡ್ರೈವರ್ ಹಾಕಬೇಕು? ಹೊಸದೇ ಒಳ್ಳೆಯದು ಅನ್ನುವ ನಂಬಿಕೆ ಹಳೇ ಕಾರ್ಡುಗಳ ವಿಷಯದಲ್ಲಿ ನಡೆಯುವುದಿಲ್ಲ. ನಮ್ಮ ಕಡೆ ಅಂಗಡಿಗಳಲ್ಲಿ ಜಾಸ್ತಿ ಕಾಣುವ ಜಿಟಿ 710 ತಗೊಳ್ಳಿ. ಅದು ಕೆಪ್ಲರ್ ಪೀಳಿಗೆಯ ಕಾರ್ಡ್. ಎನ್‌ವಿಡಿಯಾ ಆ ಪೀಳಿಗೆಗೆ ಬೆಂಬಲ ಕೊಟ್ಟ ಕೊನೆಯ ಸರಣಿ 470. ಅದರ ಮುಂದಿನ ಸರಣಿಯದ್ದನ್ನು ಹುಡುಕಿ ಹಾಕಲು ಹೋಗುವುದೇ ದಂಡ. ಕಾರ್ಡಿನ ಹೆಸರು ಹಾಕಿ ಕಂಪನಿಯ ತಾಣದಲ್ಲಿ ಹುಡುಕಿದರೆ ಅದಕ್ಕೆ ಒಗ್ಗುವ ಡ್ರೈವರ್ ಪಟ್ಟಿ ಸಿಗುತ್ತದೆ. ಅದರಲ್ಲಿ ನಿನ್ನೆ ಮೊನ್ನೆ ಬಂದದ್ದು ಬೇಡ, ತೊಂದರೆ ಇಲ್ಲದೆ ಓಡುತ್ತಿದ್ದ ಕಾಲದ್ದನ್ನು ಆರಿಸಿ.

ಡ್ರೈವರ್ ಬದಲಾದರೂ ನಿಲ್ಲದಿದ್ದರೆ

ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದು ಮಾಡುತ್ತದೆ ಅನ್ನುವುದನ್ನು ನೋಡಿ. 75 ಹರ್ಟ್ಸ್ ಇದ್ದರೆ 60ಕ್ಕೆ ಇಳಿಸಿ ಒಂದು ಗಂಟೆ ಕೆಲಸ ಮಾಡಿ. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಆನ್ ಇದ್ದರೆ ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ಫ್ರೀಸಿಂಕ್ (ಪರದೆಯ ವೇಗವನ್ನು ಕಾರ್ಡಿನ ವೇಗಕ್ಕೆ ಹೊಂದಿಸುವ ಸೌಲಭ್ಯ) ಇರುವ ಮಾನಿಟರ್ ಆದರೆ ಅದನ್ನೂ ಆಫ್ ಮಾಡಿ ನೋಡಿ. ಕಪ್ಪು ಬಣ್ಣ ಜಾಸ್ತಿ ಇರುವ ಚಿತ್ರದಲ್ಲಿ ಬೆಳಕು ಏರಿಳಿಯುವುದು ಅದರ ಹಳೇ ಚಾಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನೂ ಒಟ್ಟಿಗೆ ಮಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ವಿಡಿಯೋ ಓಡುವಾಗ ಅಥವಾ ಎರಡು ಮಾನಿಟರ್ ಇದ್ದಾಗ ಮಾತ್ರ ಕಪ್ಪು ಚೌಕಗಳು ಹೊಳೆದು ಹೋಗುತ್ತಿದ್ದರೆ ಮಲ್ಟಿಪ್ಲೇನ್ ಓವರ್‌ಲೇ ಅನ್ನುವ ಸೌಲಭ್ಯದ ಮೇಲೆ ಕಣ್ಣಿಡಿ. ಅದನ್ನು ನಿಲ್ಲಿಸಲು ರಿಜಿಸ್ಟ್ರಿ ಮುಟ್ಟಬೇಕು. ರೂಢಿ ಇಲ್ಲದವರು ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಮಂಡಿಪೇಟೆಯಲ್ಲಿ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಹಿಂದಿನ ವರ್ಷದ ಡ್ರೈವರ್ ಕೂತಿತು, ಗಣಪತಿ ನಿಂತ. ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್ ತೆರೆದು ಡ್ರೈವರ್ ತಾನಾಗಿ ತರಬೇಡ ಅಂತ ನೋ ಒತ್ತಿದೆ. ಒಂದು ಗಂಟೆ ಅಲ್ಲೇ ಕೂತು, ಅವರು ಮದುವೆ ಕಾರ್ಡ್ ತಿದ್ದುವುದನ್ನು ನೋಡುತ್ತಾ ಮಂಡಕ್ಕಿ ಮಿರ್ಚಿ ತಿಂದೆ. ಇವೆಂಟ್ ವ್ಯೂವರ್ ಮತ್ತೆ ತೆರೆದಾಗ ಹೊಸ 4101 ಒಂದೂ ಇರಲಿಲ್ಲ.

"ಮತ್ತ ಈ ಡಬ್ಬ?" ಅಂದರು ಅಣ್ಣ, ಹೊಸ ಮಾನಿಟರ್ ಕಡೆ ನೋಡುತ್ತಾ.

"ಟೇಪ್ ಬಿಚ್ಚಿಲ್ಲಲ್ರೀ. ಬಿಲ್ ತಗೊಂಡು ಈಗ್ಲೇ ಹೋಗ್ರಿ."

ಅವರು ಬಿಲ್ ಹುಡುಕುವಾಗ ನಾನು ಕಟ್ ಮಾಡಿ ಬಿಸಾಡಿದ ಲಗ್ನಪತ್ರಿಕೆಯ ಹಳದಿ ಚೂರೊಂದನ್ನು ಎತ್ತಿಕೊಂಡೆ. ಅದರ ಹಿಂದೆ ಗ್ರಾಫಿಕ್ಸ್ ಕಾರ್ಡಿನ ಹೆಸರು, ಡ್ರೈವರ್ ನಂಬರ್, ತಾರೀಖು ಬರೆದು ಸಿಪಿಯು ಡಬ್ಬದ ಪಕ್ಕಕ್ಕೆ ಸೆಲ್ಲೋ ಟೇಪ್ ಹಚ್ಚಿ ಅಂಟಿಸಿದೆ.